ಗಾಜಿನ ಶವರ್ ಕೋಣೆ: ನೀರು ಒಳಗೇ ಉಳಿಯಬೇಕಾದರೆ ಏನು ನೋಡಿ ಆರಿಸಬೇಕು

ಗಾಜು ಹಾಕಿಸಿದ ಮೇಲೂ ಬಾತ್‌ರೂಮ್ ನೆಲ ಒದ್ದೆಯಾಗುತ್ತಿದ್ದರೆ ಎಲ್ಲರ ಕಣ್ಣು ಮೊದಲು ಬೀಳುವುದು ಬಾಗಿಲಿನ ರಬ್ಬರ್ ಪಟ್ಟಿಯ ಮೇಲೆ. ಪಟ್ಟಿ ಬದಲಿಸುತ್ತಾರೆ, ಇನ್ನೊಂದು ಸುತ್ತು ಸಿಲಿಕಾನ್ ಬಳಿಯುತ್ತಾರೆ, ವಾರದಲ್ಲಿ ನೀರು ಮತ್ತೆ ಹೊರಗೆ ಬರುತ್ತದೆ. ನಿಜವಾದ ತಪ್ಪು ಬೇರೆಲ್ಲೋ ಇರುತ್ತದೆ: ಶವರ್ ಹೆಡ್ ಬಾಗಿಲಿನ ಕಡೆ ಮುಖ ಮಾಡಿರುತ್ತದೆ, ಇಲ್ಲವೇ ನೆಲದ ವಾಟ, ಅಂದರೆ ಇಳಿಜಾರು, ಬಾಗಿಲ ಕಡೆಗಿರುತ್ತದೆ, ಇಲ್ಲವೇ ಶವರ್ ಜಾಗದ ಅಂಚಿನಲ್ಲಿ ಗಾಜು ನಿಲ್ಲುವ ಕಟ್ಟೆಯ ಮೇಲ್ಮೈ ಹೊರಗಡೆಗೆ ಬಾಗಿರುತ್ತದೆ. ಫ್ರೇಮ್ ಇಲ್ಲದ ಗಾಜಿನ ಬಾಗಿಲಿನ ಪಕ್ಕಗಳಲ್ಲಿ 3ರಿಂದ 5 ಮಿ.ಮೀ. ಸಂದು ಇರಲೇಬೇಕು, ಇಲ್ಲದಿದ್ದರೆ ಬಾಗಿಲು ತಿರುಗುವುದೇ ಇಲ್ಲ. ಆ ಸಂದಿಗೆ ಬಂದ ನಾಲ್ಕು ಹನಿಯನ್ನು ಸೀಲ್ ತಡೆಯುತ್ತದೆ. ನೇರವಾಗಿ ಬಡಿಯುವ ಧಾರೆಯನ್ನು ಯಾವ ಸೀಲೂ ತಡೆಯಲಾರದು. ಅದಕ್ಕೇ ಕ್ಯಾಟಲಾಗ್ ತೆರೆಯುವ ಮೊದಲು ನಿಮ್ಮ ಬಾತ್‌ರೂಮಿನಲ್ಲಿ ನೀರು ಹೇಗೆ ಓಡಾಡುತ್ತದೆ ಎಂದು ನೋಡಿಕೊಳ್ಳಬೇಕು.

ಆರ್ಡರ್‌ಗೆ ಮುಂಚೆ ಒಂದು ಒದ್ದೆ ಪರೀಕ್ಷೆ

ಟೈಲ್ಸ್ ಕೆಲಸ ಮುಗಿದು, ಶವರ್ ಕೂರಿಸಿದ ಮೇಲೆ ಅರ್ಧ ಗಂಟೆ ಇದಕ್ಕೆ ಕೊಡಿ. ಗಾಜು ಬರಬೇಕಾದ ಗೆರೆಯನ್ನು ನೆಲದ ಮೇಲೆ ಟೇಪ್ ಅಂಟಿಸಿ ಗುರುತಿಸಿ. ಅದರ ಹೊರಗೆ ಒಂದೂವರೆ ಮೀಟರ್‌ವರೆಗೆ ಹಳೆಯ ನ್ಯೂಸ್‌ಪೇಪರ್ ಹಾಸಿ. ಶವರನ್ನು ಪೂರ್ತಿ ತಿರುಗಿಸಿ ಐದು ನಿಮಿಷ ಬಿಡಿ.

ಒಳಗೆ ಯಾರೂ ನಿಲ್ಲದಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ. ಎರಚಲು ಹುಟ್ಟುವುದು ಮುಖ್ಯವಾಗಿ ಮೈಯಿಂದ. ತಲೆ, ಹೆಗಲು, ಮೇಲೆತ್ತಿದ ಮೊಣಕೈಗೆ ಬಡಿದ ನೀರು ಅಡ್ಡಡ್ಡ ಸಿಡಿಯುತ್ತದೆ. ಹಳೆಯ ಬಟ್ಟೆ ಹಾಕಿಕೊಂಡು ಒಬ್ಬರು ಒಳಗೆ ನಿಂತು, ತಲೆ ತೊಳೆಯುವಾಗ ಮಾಡುವಂತೆ ಕೈಯಾಡಿಸಲಿ, ತಿರುಗಲಿ, ಬಗ್ಗಲಿ. ಆಮೇಲೆ ಕಾಗದ ನೋಡಿ. ಒಂದು ಕಡೆ ಪೂರ್ತಿ ನೆನೆದು ಮೆತ್ತಗಾಗಿರುತ್ತದೆ. ಅಲ್ಲಿ ಸ್ಥಿರ ಗಾಜು ಅಥವಾ ಗೋಡೆಯೇ ಇರಬೇಕು, ಬಾಗಿಲು ಬೇಡ. ಇನ್ನೊಂದು ಕಡೆ ಬಿಡಿಬಿಡಿ ಹನಿಗಳ ಗುರುತಿರುತ್ತದೆ. ಅಲ್ಲಿ ಸೀಲ್ ಇರುವ ಬಾಗಿಲು ಸಾಕು. ಪೂರ್ತಿ ಒಣಗಿ ಉಳಿದ ಜಾಗವಿದ್ದರೆ ಅಲ್ಲಿ ಮಾತ್ರ ಬಾಗಿಲೇ ಇಲ್ಲದ ತೆರೆದ ದಾರಿ ಬಿಡುವ ಯೋಚನೆ ಮಾಡಬಹುದು.

ಅದೇ ಹೊತ್ತಿಗೆ ಇನ್ನೆರಡು ಅಳತೆ ತೆಗೆದುಕೊಳ್ಳಿ. ಶವರ್ ಕೆಳಗೆ ಬಕೆಟ್ ಇಟ್ಟು ಒಂದು ನಿಮಿಷಕ್ಕೆ ಎಷ್ಟು ಲೀಟರ್ ತುಂಬುತ್ತದೆ ನೋಡಿ. ಸಾಮಾನ್ಯ ಹೆಡ್ ಆದರೆ 8ರಿಂದ 10 ಲೀಟರ್, ಅಗಲವಾದ ರೈನ್ ಶವರ್ ಆದರೆ 15 ಲೀಟರ್ ದಾಟುವುದೂ ಉಂಟು. ಅಷ್ಟು ನೀರನ್ನು ಡ್ರೈನ್ ಅಷ್ಟೇ ವೇಗದಲ್ಲಿ ಎಳೆದುಕೊಳ್ಳಬೇಕು. ಐದು ನಿಮಿಷದ ಕೊನೆಗೆ ನೀರು ಜಾಲರಿಯ ಸುತ್ತ ಮಡುಗಟ್ಟಿ ಬಾಗಿಲಿನ ಗೆರೆಯತ್ತ ಹರಡುತ್ತಿದ್ದರೆ ಮೊದಲು ಟ್ರ್ಯಾಪ್ (ಡ್ರೈನ್ ಕೆಳಗೆ ನೀರು ನಿಲ್ಲುವ ಬಾಗು) ಮತ್ತು ಪೈಪ್ ಸರಿಪಡಿಸಿ. ನಿಂತ ನೀರಿನ ಎದುರು ಬಾಗಿಲ ಕೆಳಗಿನ ಪಟ್ಟಿ ಏನೂ ಮಾಡಲಾಗದು.

ನೆಲದ ವಾಟ ಮತ್ತು ಕಟ್ಟೆ

ಶವರ್ ಜಾಗದ ನೆಲಕ್ಕೆ 50ಕ್ಕೆ 1ರಷ್ಟು ಇಳಿಜಾರು ಬೇಕು. ಅಂದರೆ ಬಾಗಿಲಿನಿಂದ ಡ್ರೈನ್‌ಗೆ 900 ಮಿ.ಮೀ. ದೂರವಿದ್ದರೆ ಡ್ರೈನ್ ಹತ್ತಿರ ನೆಲ 18 ಮಿ.ಮೀ. ತಗ್ಗಿರಬೇಕು. ರಸಮಟ್ಟವನ್ನು ಬಾಗಿಲಿನ ಗೆರೆಯಿಂದ ಡ್ರೈನ್ ಕಡೆಗೆ ಉದ್ದಕ್ಕೆ ಇಟ್ಟು ಗುಳ್ಳೆ ನಡುವಿಗೆ ಬರುವವರೆಗೆ ತಗ್ಗಿನ ತುದಿಯನ್ನು ಎತ್ತಿ, ಅದರ ಕೆಳಗಿನ ಸಂದನ್ನು ಸ್ಕೇಲ್‌ನಿಂದ ಅಳೆಯಿರಿ. ಬಾಗಿಲಿನ ಗೆರೆಯುದ್ದಕ್ಕೂ ಮೂರು ಜಾಗದಲ್ಲಿ ಹೀಗೆ ನೋಡಿ. ಒಂದು ಮೂಲೆಯಲ್ಲಿ ಮಾತ್ರ ವಾಟ ತಿರುಗಿರುವುದು ಸಾಮಾನ್ಯ, ಮುಂದೆ ಸೋರುವುದೂ ಅದೇ ಮೂಲೆಯಲ್ಲಿ.

ಕಟ್ಟೆ 75ರಿಂದ 100 ಮಿ.ಮೀ. ಎತ್ತರವಿದ್ದರೆ ನಿಶ್ಚಿಂತೆ. ಅದರ ಮೇಲ್ಮೈ ಮಟ್ಟಸವಾಗಿದ್ದರೆ ಸಾಲದು, ಒಳಗಡೆಗೆ ಬಾಗಿರಬೇಕು. 120 ಮಿ.ಮೀ. ಅಗಲದ ಕಟ್ಟೆಗೆ 3 ಮಿ.ಮೀ. ಬಾಗು ಸಾಕು, ಕಣ್ಣಿಗೆ ಅದು ಕಾಣುವುದೂ ಇಲ್ಲ. ಮೇಲ್ಭಾಗಕ್ಕೆ ಒಂದೇ ಕಲ್ಲಿನ ಪಟ್ಟಿ ಹಾಕಿಸುವುದು ಒಳ್ಳೆಯದು. ಟೈಲ್ ತುಂಡುಗಳನ್ನು ಜೋಡಿಸಿದರೆ ಅವುಗಳ ನಡುವಿನ ಗ್ರೌಟ್ ಗೆರೆ ಗಾಜಿನ ಕೆಳಗೆ ಸಣ್ಣ ಕಾಲುವೆಯಾಗಿ ನೀರನ್ನು ಹೊರಗೆ ದಾಟಿಸುತ್ತದೆ.

ಕಟ್ಟೆಯೇ ಬೇಡ, ನೆಲ ಒಂದೇ ಸಮ ಇರಲಿ ಅನ್ನುವವರು ಕೆಲಸ ಶುರುವಾಗುವ ಮುಂಚೆಯೇ ತೀರ್ಮಾನಿಸಬೇಕು. ವಾಟ ಇನ್ನೂ ಎಚ್ಚರದಿಂದ ಕೊಡಬೇಕಾಗುತ್ತದೆ, ಉದ್ದನೆಯ ಡ್ರೈನ್ ಬೇಕಾಗುತ್ತದೆ, ವಾಟರ್‌ಪ್ರೂಫಿಂಗ್ ಗಾಜಿನ ಗೆರೆ ದಾಟಿ ಹೊರಗಿನ ನೆಲಕ್ಕೂ ಮುಂದುವರಿಯಬೇಕು. ಮುಗಿದ ಬಾತ್‌ರೂಮಿನಲ್ಲಿ ಕಟ್ಟೆ ಒಡೆದು ಹಾಗೆ ಮಾಡಿಸಲು ಹೊರಟರೆ ನೆಲವನ್ನೇ ಅಗೆಯಬೇಕಾಗುತ್ತದೆ. ಕಟ್ಟೆಯಿಲ್ಲದ ಕಡೆ ಬಾಗಿಲ ಕೆಳಗೆ 8ರಿಂದ 10 ಮಿ.ಮೀ. ಎತ್ತರದ ಅಲ್ಯುಮಿನಿಯಂ ಅಥವಾ ಅಕ್ರಿಲಿಕ್ ಹೊಸ್ತಿಲು ಪಟ್ಟಿಯನ್ನು ಅಂಟಿಸಿದರೆ ಬಾಗಿಲಿನ ಸೀಲ್‌ಗೆ ಒರಗಲು ಒಂದು ಆಸರೆ ಸಿಗುತ್ತದೆ.

ಯಾವ ಬಗೆಯ ಬಾಗಿಲು

ತಿರುಗುವ ಬಾಗಿಲನ್ನು ಹೆಚ್ಚು ಜನ ಆರಿಸುತ್ತಾರೆ, ಅದರ ಸೋರಿಕೆಯ ದೂರುಗಳೂ ಹೆಚ್ಚು. ಇದರಲ್ಲಿ ದುರ್ಬಲ ಜಾಗ ಹಿಂಜ್ ಕಡೆಯ ಅಂಚು. ಹಿಂಜ್ ಇರುವ ಕಡೆ ಸೀಲನ್ನು ಕತ್ತರಿಸಬೇಕಾಗುತ್ತದೆ, ಹಾಗಾಗಿ ಮೇಲೊಂದು ಕೆಳಗೊಂದು ಕಿಟಕಿಯಂಥ ಸಣ್ಣ ಸಂದು ತೆರೆದೇ ಇರುತ್ತದೆ. ಎದುರಿನ ಅಂಚಿನಲ್ಲಿ ಮ್ಯಾಗ್ನೆಟ್ ಪಟ್ಟಿ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಹಿಂಜ್‌ಗಳು ಧಾರೆಯಿಂದ ದೂರದ ಬದಿಗೆ ಬರುವ ಹಾಗೆ ನೋಡಿಕೊಳ್ಳಿ. ಶವರ್ ಹೆಡ್ ಬಾಗಿಲಿಗೆ ನೇರ ಎದುರಿನ ಗೋಡೆಯಲ್ಲಿದ್ದರೆ ಹೆಡ್ಡನ್ನೇ ಪಕ್ಕದ ಗೋಡೆಗೆ ಸರಿಸುವುದು ಎಲ್ಲಕ್ಕಿಂತ ಒಳ್ಳೆಯ ಪರಿಹಾರ. ಸಾಧ್ಯವಿಲ್ಲದಿದ್ದರೆ ಚಾವಣಿಯಿಂದ ನೇರ ಕೆಳಕ್ಕೆ ಬೀಳುವ ಹೆಡ್ ಹಾಕಿಸಿ.

ಬಾಗಿಲು ಹೊರಗೆ ತೆರೆಯಲೇಬೇಕು. ಒಳಗೆ ಯಾರಾದರೂ ಜಾರಿ ಬಿದ್ದರೆ ಒಳಕ್ಕೆ ಮಾತ್ರ ತೆರೆಯುವ ಬಾಗಿಲನ್ನು ಅವರ ಮೈಯೇ ತಡೆಹಿಡಿಯುತ್ತದೆ. ಆದರೆ ಹೊರಗೆ ತೆರೆದ ಬಾಗಿಲಿನಿಂದ ಹನಿ ನೆಲಕ್ಕೆ ತೊಟ್ಟಿಕ್ಕುತ್ತದೆ. ಎರಡೂ ಕಡೆ ತಿರುಗುವ ಹಿಂಜ್ ಇದ್ದರೆ ಸ್ನಾನ ಮುಗಿದ ಮೇಲೆ ಬಾಗಿಲನ್ನು ಒಳಗಡೆ ತಿರುಗಿಸಿಟ್ಟು ನೀರು ಒಳಗೇ ಇಳಿಯಲು ಬಿಡಬಹುದು. ಇದಕ್ಕೆ ಒಳಗೆ ಜಾಗವಿರಬೇಕು, ಮತ್ತು ಹೊಸ್ತಿಲು ಪಟ್ಟಿ ಬಾಗಿಲಿಗೆ ಅಡ್ಡ ಬರಬಾರದು. ತೆರೆಯುವಾಗ ಬಾಗಿಲನ್ನು ಕೆಲವು ಮಿ.ಮೀ. ಮೇಲಕ್ಕೆತ್ತುವ ಹಿಂಜ್‌ಗಳೂ ಸಿಗುತ್ತವೆ. ಅವುಗಳಲ್ಲಿ ಕೆಳಗಿನ ಸೀಲ್ ನೆಲಕ್ಕೆ ಉಜ್ಜುವುದಿಲ್ಲ, ಬೇಗ ಸವೆಯುವುದೂ ಇಲ್ಲ.

ಬಾಗಿಲಿನ ಅಗಲ 600ರಿಂದ 750 ಮಿ.ಮೀ. ಒಳಗಿದ್ದರೆ ಚೆನ್ನ. ಗಾಜಿನ ತೂಕ ಲೆಕ್ಕ ಹಾಕುವುದು ಸುಲಭ: ಒಂದು ಚದರ ಮೀಟರ್‌ಗೆ, ಪ್ರತಿ ಮಿ.ಮೀ. ದಪ್ಪಕ್ಕೆ, 2.5 ಕೆ.ಜಿ. 700 ಮಿ.ಮೀ. ಅಗಲ, 2 ಮೀ. ಎತ್ತರ, 8 ಮಿ.ಮೀ. ದಪ್ಪದ ಬಾಗಿಲು 28 ಕೆ.ಜಿ. ತೂಗುತ್ತದೆ, 10 ಮಿ.ಮೀ. ಆದರೆ 35 ಕೆ.ಜಿ. ತಯಾರಕರು ಹಿಂಜ್ ಜೋಡಿಗೆ ಬರೆದಿರುವ ಮಿತಿಗಿಂತ ಇದು ಆರಾಮವಾಗಿ ಕಡಿಮೆ ಇರಬೇಕು. ಮಿತಿಯ ಅಂಚಿನಲ್ಲಿ ತೂಗುಹಾಕಿದ ಬಾಗಿಲು ಕ್ರಮೇಣ ಜೋತುಬೀಳುತ್ತದೆ. ತುದಿ ಎರಡು ಮೂರು ಮಿ.ಮೀ. ಇಳಿದರೂ ಮ್ಯಾಗ್ನೆಟ್ ಪಟ್ಟಿ ಮೇಲ್ಗಡೆ ಬಾಯಿ ಬಿಡುತ್ತದೆ, ಕೆಳಗಿನ ಸೀಲ್ ಮಡಚಿಕೊಳ್ಳುತ್ತದೆ.

ಜಾರುವ ಬಾಗಿಲಿಗೆ ಹೊರಗಡೆ ಜಾಗ ಬೇಕಿಲ್ಲ, ತೆರೆದಾಗ ಹನಿ ಬೀಳುವುದೂ ಒಳಗಡೆಗೇ. ಸಣ್ಣ ಬಾತ್‌ರೂಮಿಗೆ ನಮ್ಮ ಮೊದಲ ಸಲಹೆ ಇದೇ. ಇಲ್ಲಿ ಒಂದು ವಿಷಯ ಕೇಳಿ ತಿಳಿದುಕೊಳ್ಳಿ: ಎರಡು ಗಾಜುಗಳಲ್ಲಿ ಯಾವುದು ಒಳಸಾಲು, ಯಾವುದು ಹೊರಸಾಲು? ಶವರ್ ಹೆಡ್ ಹತ್ತಿರದ ಗಾಜು ಒಳಸಾಲಿನಲ್ಲಿರಬೇಕು. ಹಂಚು ಹೊದಿಸುವಾಗ ಮೇಲಿನ ಹಂಚು ಕೆಳಗಿನದರ ಮೇಲೆ ಬರುವ ಹಾಗೆಯೇ ಇದು. ನೀರು ಸಂದನ್ನು ದಾಟಿ ಮುಂದಕ್ಕೆ ಹೋಗುತ್ತದೆ, ಸಂದಿನೊಳಗೆ ನುಗ್ಗುವುದಿಲ್ಲ. ತಿರುಗುಮುರುಗಾಗಿ ಜೋಡಿಸಿದರೆ ಸಂದು ಧಾರೆಗೆ ಬಾಯಿ ತೆರೆದು ನಿಲ್ಲುತ್ತದೆ. ಗಾಜುಗಳು ಒಂದರ ಮೇಲೊಂದು ಕನಿಷ್ಠ 40–50 ಮಿ.ಮೀ. ಹಾಯ್ದಿರಲಿ, ನಡುವೆ ಸೀಲ್ ಪಟ್ಟಿ ಇರಲಿ. ಕೆಳಗಿನ ಹಳಿಯಲ್ಲಿ ನೀರು ಒಳಕ್ಕೆ ಹೊರಟುಹೋಗಲು ಸಣ್ಣ ರಂಧ್ರಗಳಿರುತ್ತವೆ. ಅವುಗಳಲ್ಲಿ ಕೂದಲು, ಸೋಪಿನ ಜಿಡ್ಡು ಕಟ್ಟಿಕೊಂಡರೆ ಹಳಿ ತುಂಬಿ ಹೊರಕ್ಕೆ ಚೆಲ್ಲುತ್ತದೆ.

ಬಾಗಿಲೇ ಇಲ್ಲದ ಒಂಟಿ ಗಾಜಿನ ವಾಕ್-ಇನ್ ನೋಡಲು ಚೆಂದ, ಆದರೆ ಅದು ಎಲ್ಲ ಬಾತ್‌ರೂಮಿಗೂ ಹೊಂದುವುದಿಲ್ಲ. ಗಾಜಿನ ಉದ್ದ 1 ಮೀಟರ್‌ಗಿಂತ ಕಡಿಮೆಯಿದ್ದರೆ ಹೊರಗಿನ ನೆಲ ನೆನೆಯುವುದು ಬಹುತೇಕ ಖಚಿತ; 1.2 ಮೀಟರ್ ಇದ್ದರೆ ಸಮಾಧಾನ. ಶವರ್ ಹೆಡ್, ಗಾಜು ಸೇರುವ ಕಡೆಯ ಗೋಡೆಗೆ ಹತ್ತಿರವಿರಬೇಕು, ತೆರೆದ ತುದಿಯತ್ತ ಎಂದೂ ಮುಖ ಮಾಡಬಾರದು. ಕೈಯಲ್ಲಿ ಹಿಡಿಯುವ ಶವರ್ ಬಳಸುವ ಮನೆಗೆ, ಚಿಕ್ಕ ಮಕ್ಕಳಿಗೆ ಸ್ನಾನ ಮಾಡಿಸುವ ಮನೆಗೆ ವಾಕ್-ಇನ್ ಬೇಡ ಎಂದೇ ಹೇಳುತ್ತೇವೆ. ಗಾಜು ಉದ್ದವಾದಷ್ಟೂ ಅದರ ತುದಿ ಅಲುಗಾಡುತ್ತದೆ, ಗೋಡೆಗೆ ಅಥವಾ ಚಾವಣಿಗೆ ಕಟ್ಟುವ ಆಸರೆ ಕಂಬಿ ಬೇಕು. ಅಲುಗಾಡುವ ಗಾಜಿನ ಬುಡದಲ್ಲಿ ಸಿಲಿಕಾನ್ ಬಾಳುವುದಿಲ್ಲ.

ಮಡಚುವ ಬಾಗಿಲು ತೀರ ಇಕ್ಕಟ್ಟಾದ ಕಡೆ ಉಪಯೋಗಕ್ಕೆ ಬರುತ್ತದೆ, ಆದರೆ ನಡುವೆ ಒಂದು ಕೀಲಿನ ಸಂದು ಹೆಚ್ಚುತ್ತದೆ. ಕಾಲುವೃತ್ತದ ಮೂಲೆ ಕೋಣೆಗೆ ಅದರ ಬಳುಕಿಗೆ ಸರಿಹೊಂದುವ ಟ್ರೇ ಅಥವಾ ಕಟ್ಟೆ ಮೊದಲೇ ಇರಬೇಕು.

ಫ್ರೇಮ್ ಬೇಕೋ ಬೇಡವೋ ಎಂಬ ಪ್ರಶ್ನೆಗೆ, ನೀರಿನ ದೃಷ್ಟಿಯಿಂದ ಮಾತ್ರ ಹೇಳುವುದಾದರೆ, ಫ್ರೇಮ್ ಇರುವುದೇ ಮೇಲು. ಗಾಜಿನ ಅಂಚು ಅಲ್ಯುಮಿನಿಯಂ ಪಟ್ಟಿಯ ತೋಡಿನೊಳಗೆ ಕೂತಿರುತ್ತದೆ, ಸಂದುಗಳು ಕಡಿಮೆ, ಸೊಟ್ಟ ಗೋಡೆಗೂ ಹೊಂದಿಕೊಳ್ಳುತ್ತದೆ. ಸ್ಥಿರ ಗಾಜನ್ನು ಯು ಆಕಾರದ ಚಾನೆಲ್‌ನಲ್ಲಿ ಕೂರಿಸಿ ಬಾಗಿಲನ್ನು ಮಾತ್ರ ಫ್ರೇಮ್ ಇಲ್ಲದೆ ಬಿಡುವುದು ನಡುವಿನ ದಾರಿ.

ಗಾಜು

ಟಫನ್ಡ್ ಗಾಜು (ಕಾಯಿಸಿ ಬೇಗ ತಣಿಸಿ ಗಟ್ಟಿಮಾಡಿದ್ದು) ಅಥವಾ ಲ್ಯಾಮಿನೇಟೆಡ್ ಸುರಕ್ಷಾ ಗಾಜು (ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವಿರುವುದು) ಬಿಟ್ಟು ಬೇರೇನೂ ಬೇಡ. ಗಾಜಿನ ಮೂಲೆಯಲ್ಲಿ ಅಳಿಸಲಾಗದ ಮುದ್ರೆಯಿರಬೇಕು, ಅದರಲ್ಲಿ ಮಾನದಂಡದ ಸಂಖ್ಯೆ ಇರುತ್ತದೆ: ಇಎನ್ 12150, ಐಎಸ್ 2553 ಇಂಥವು. ಫ್ರೇಮ್ ಇದ್ದರೆ 6 ಮಿ.ಮೀ. ನಡೆಯುತ್ತದೆ, ಇಲ್ಲದಿದ್ದರೆ 8 ಅಥವಾ 10. ದಪ್ಪ ಗಾಜು ನೀರನ್ನು ಹೆಚ್ಚು ತಡೆಯುತ್ತದೆ ಎಂಬುದು ತಪ್ಪು ತಿಳುವಳಿಕೆ. ದಪ್ಪದಿಂದ ಸಿಗುವುದು ಬಿಗಿತ ಮಾತ್ರ. ಒಮ್ಮೆ ಟಫನ್ ಮಾಡಿದ ಗಾಜನ್ನು ಕತ್ತರಿಸಲಾಗದು, ರಂಧ್ರ ಕೊರೆಯಲಾಗದು. ಹಿಂಜ್‌ನ ಕಚ್ಚು, ಹಿಡಿಕೆಯ ತೂತು ಎಲ್ಲವೂ ಮೊದಲೇ ಆಗಿರಬೇಕು, ಹಾಗಾಗಿ ಅಳತೆ ತಪ್ಪಿದರೆ ಗಾಜೇ ಹೋಯಿತು.

ಅಳತೆ

ಟೈಲ್ಸ್ ಮುಗಿದ ಮೇಲೆಯೇ ಅಳೆಯಿರಿ, ನಕ್ಷೆಯ ಅಳತೆಯನ್ನು ನಂಬಬೇಡಿ. ಅಗಲವನ್ನು ಕಟ್ಟೆಯ ಮೇಲೆ, ನಡುವಿನಲ್ಲಿ, 2 ಮೀ. ಎತ್ತರದಲ್ಲಿ ಹೀಗೆ ಮೂರು ಕಡೆ ತೆಗೆಯಿರಿ. ಎರಡೂ ಗೋಡೆಗೆ ತೂಕಗುಂಡು ಬಿಟ್ಟು ಮೇಲೂ ಕೆಳಗೂ ಇರುವ ವ್ಯತ್ಯಾಸ ಬರೆದುಕೊಳ್ಳಿ. ಮೂಲೆಮಟ್ಟ ಇಟ್ಟು ಮೂಲೆ 90 ಡಿಗ್ರಿ ಇದೆಯೇ ನೋಡಿ. ಫ್ರೇಮ್ ಇರುವ ಸಿದ್ಧ ಕೋಣೆಗಳ ಗೋಡೆ ಪಟ್ಟಿಯಲ್ಲಿ ಸಾಮಾನ್ಯವಾಗಿ 15ರಿಂದ 25 ಮಿ.ಮೀ. ಹೊಂದಾಣಿಕೆ ಇರುತ್ತದೆ, ಮೂರು ಅಳತೆಯಲ್ಲಿ ಅತಿ ಚಿಕ್ಕದೂ ಅತಿ ದೊಡ್ಡದೂ ಆ ಮಿತಿಯೊಳಗೆ ಬರಬೇಕು. ಫ್ರೇಮ್ ಇಲ್ಲದ ಗಾಜಿಗೆ ಈ ಅನುಕೂಲವಿಲ್ಲ. ಗೋಡೆ 6 ಮಿ.ಮೀ. ವಾಲಿದ್ದರೆ ಗಾಜಿನ ಅಂಚನ್ನೂ ಅದೇ ಓರೆಗೆ ಕತ್ತರಿಸಬೇಕು. ಸಂದನ್ನು ಅಗಲವಾದ ಸೀಲ್ ಹಾಕಿ ಮುಚ್ಚುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಸೀಲ್: ಒಂದು ಹನಿಯ ದಾರಿ

ಬಾಗಿಲಿನ ಒಳಮೈಯಲ್ಲಿ ಇಳಿಯುವ ನೀರನ್ನು ಹತ್ತಿರದಿಂದ ನೋಡಿ. ಹನಿ ಕೆಳ ಅಂಚಿಗೆ ಬಂದ ಕೂಡಲೇ ಬೀಳುವುದಿಲ್ಲ. ಅಂಚಿಗೆ ಅಂಟಿಕೊಂಡು, ಸುತ್ತಿಕೊಂಡು, ಗಾಜಿನ ದಪ್ಪದ ಅಡಿಯಲ್ಲೇ ಹರಿದು ಹೊರಮುಖದ ಹತ್ತಿರ ತೂಗಿ ಬೀಳುತ್ತದೆ. ಪಾತ್ರೆಯಿಂದ ಮೆಲ್ಲಗೆ ಬಗ್ಗಿಸಿದ ನೀರು ಪಾತ್ರೆಯ ಹೊರಮೈಗೇ ಅಂಟಿ ಇಳಿಯುವುದಿಲ್ಲವೇ, ಅದೇ ಗುಣ. ಬಾಗಿಲ ಕೆಳಗಿನ ಸೀಲ್‌ನಲ್ಲಿ ಓರೆಯಾಗಿ ಚಾಚಿರುವ ಒಂದು ನಾಲಿಗೆ ಇರುತ್ತದಲ್ಲ, ಅದರ ಕೆಲಸ ಈ ಹನಿಯನ್ನು ಅಂಚಿನಿಂದ ಬಿಡಿಸಿ ಒಳಗಡೆಗೆ ಎಸೆಯುವುದು. ಆ ನಾಲಿಗೆ ಶವರ್ ಕಡೆಗೆ, ಅಂದರೆ ಒಳಮುಖವಾಗಿ ಇರಬೇಕು. ಹಿಂದುಮುಂದಾಗಿ ತೂರಿಸಿದ ಸೀಲ್ ನೀರನ್ನು ತಾನೇ ಹೊರಗೆ ಹಾಕುತ್ತದೆ, ಮತ್ತು ಈ ತಪ್ಪು ತುಂಬ ಸಾಮಾನ್ಯ.

ಬಾಗಿಲಿನ ಕೆಳಗೆ ಸುಮಾರು 8ರಿಂದ 10 ಮಿ.ಮೀ. ಸಂದು ಬಿಟ್ಟು, ಸೀಲ್‌ನ ಕೆಳ ರೆಕ್ಕೆ ಕಟ್ಟೆಯನ್ನು ಸವರಿದಂತೆ ಮುಟ್ಟುವ ಅಳತೆಯನ್ನು ಆರಿಸಿ. ಒತ್ತಿ ಮಡಚಿಕೊಂಡರೆ ಬೇಗ ಹರಿಯುತ್ತದೆ. ಸೀಲ್ ಕೊಳ್ಳುವಾಗ ಗಾಜಿನ ದಪ್ಪ ಹೇಳಲೇಬೇಕು, 8 ಮಿ.ಮೀ. ಗಾಜಿಗೆ 10ರ ಸೀಲ್ ಜಾರಿಬೀಳುತ್ತದೆ. ಮ್ಯಾಗ್ನೆಟ್ ಪಟ್ಟಿಗಳು ಬಾಗಿಲು ಮುಚ್ಚುವ ಕೋನಕ್ಕೆ ತಕ್ಕಂತೆ 90, 135, 180 ಡಿಗ್ರಿಯವು ಬೇರೆಬೇರೆ.

ಕೂರಿಸುವಾಗ ಪಕ್ಕದಲ್ಲಿ ನಿಂತು ನೋಡಬೇಕಾದ್ದು

ಕಟ್ಟೆಯ ಮೇಲ್ಭಾಗಕ್ಕೆ ಡ್ರಿಲ್ ತಾಗಿಸಲು ಬಿಡಬೇಡಿ. ಒಂದೊಂದು ಸ್ಕ್ರೂ ತೂತೂ ಕಲ್ಲಿನಡಿಯ ವಾಟರ್‌ಪ್ರೂಫಿಂಗ್ ಪದರವನ್ನು ಹರಿಯುತ್ತದೆ. ಕೆಳಗಿನ ಚಾನೆಲನ್ನು ಸಿಲಿಕಾನ್‌ನಿಂದಲೇ ಅಂಟಿಸಬೇಕು, ಬಿಗಿಯನ್ನು ಗೋಡೆಯ ಕಡೆ ಕೊಡಬೇಕು. ಗೋಡೆಯ ತೂತಿಗೂ ಪ್ಲಗ್ ತೂರಿಸುವ ಮುನ್ನ ಸಿಲಿಕಾನ್ ತುಂಬಲಿ. ಟೈಲ್ ದಾಟುವವರೆಗೆ ಡ್ರಿಲ್‌ನ ಹ್ಯಾಮರ್ ಬಂದ್ ಇರಲಿ. ಹಿಂಜ್ ಬರುವ ಜಾಗದಲ್ಲಿ ಟೈಲ್ ಹಿಂದೆ ಗಟ್ಟಿ ಗೋಡೆ ಇರಬೇಕು. ಪೊಳ್ಳು ಗೋಡೆಯಾದರೆ ಟೈಲ್ಸ್‌ಗೆ ಮೊದಲೇ ಒಳಗೆ ಮರದ ಅಥವಾ ಲೋಹದ ಆಧಾರ ಕೊಟ್ಟಿರಬೇಕು.

ಗಾಜಿನ ಅಂಚು ಕಲ್ಲಿಗಾಗಲಿ ಲೋಹಕ್ಕಾಗಲಿ ನೇರ ತಾಗಬಾರದು. ಕೆಳಗೆ 2–3 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಬಿಲ್ಲೆಗಳನ್ನಿಟ್ಟು ಅದರ ಮೇಲೆ ಇಳಿಸಬೇಕು. ಟಫನ್ಡ್ ಗಾಜಿನ ಮುಖ ಪೆಟ್ಟು ತಡೆಯುತ್ತದೆ, ಅಂಚು ತಡೆಯುವುದಿಲ್ಲ. ಮೂಲೆ ಟೈಲ್‌ಗೆ ಟಣ್ ಎಂದರೆ ಇಡೀ ಹಾಳೆ ಪುಡಿಯಾಗಬಹುದು.

ಸಿಲಿಕಾನ್ ಯಾವ ಬದಿಗೆ ಬಳಿಯಬೇಕು ಎಂಬಲ್ಲಿ ತಪ್ಪುಗಳು ಹೆಚ್ಚು. ಫ್ರೇಮ್ ಇರುವ ಕೋಣೆಗೆ ಸಾಮಾನ್ಯವಾಗಿ ಹೊರಗಡೆ ಮಾತ್ರ. ಫ್ರೇಮ್ ಪಟ್ಟಿಯೊಳಗೆ ಅಷ್ಟಿಷ್ಟು ನೀರು ಹೋಗಿಯೇ ಹೋಗುತ್ತದೆ, ಅದು ಕೆಳಗಿಳಿದು ಮರಳಿ ಒಳಗೆ ಬರಬೇಕು. ಒಳಗಡೆಯೂ ಬಳಿದು ದಾರಿ ಮುಚ್ಚಿದರೆ ಅದು ಹೊರಗಿನ ಮೂಲೆಯನ್ನು ಹುಡುಕಿಕೊಳ್ಳುತ್ತದೆ. ಚಾನೆಲ್ ಇಲ್ಲದೆ ಕ್ಲಾಂಪ್‌ನಲ್ಲಿ ನಿಲ್ಲಿಸಿದ ಗಾಜಿಗೆ ಮಾತ್ರ ಸಂದು ಪೂರ್ತಿ ತುಂಬಬೇಕು. ಫ್ರೇಮಿನ ಗೋಡೆ ಪಟ್ಟಿ ಕಟ್ಟೆಯನ್ನು ಮುಟ್ಟುವ ಮೂಲೆಯಲ್ಲಿ, ಪಟ್ಟಿಯನ್ನು ಗೋಡೆಗೆ ಒತ್ತುವ ಮುನ್ನವೇ, ಅದರ ಬೆನ್ನಿಗೆ ಒಂದು ಗುಡ್ಡೆ ಸಿಲಿಕಾನ್ ಇಡಿಸಿ. ಆಮೇಲೆ ಆ ಜಾಗಕ್ಕೆ ಕೈ ಹೋಗುವುದಿಲ್ಲ. ಬೂಷ್ಟು ಹಿಡಿಯದ ನ್ಯೂಟ್ರಲ್ ಸಿಲಿಕಾನ್ ಬಳಸಿ. ಹುಳಿ ವಾಸನೆಯ ಅಸಿಟಿಕ್ ಬಗೆಯದು ಅಮೃತಶಿಲೆಯನ್ನು ಕಲೆಗಟ್ಟಿಸುತ್ತದೆ, ಕೆಲವು ಲೋಹಗಳನ್ನು ತಿನ್ನುತ್ತದೆ. ಅಕ್ರಿಲಿಕ್ ಟ್ರೇ ಆದರೆ ಒಳಗೆ ಭಾರ ಇಟ್ಟು, ಅದು ತಗ್ಗಿದ ಸ್ಥಿತಿಯಲ್ಲೇ ಬಳಿಯಬೇಕು, ಇಲ್ಲದಿದ್ದರೆ ಮೊದಲ ಸ್ನಾನಕ್ಕೇ ಗೆರೆ ಕಿತ್ತುಬರುತ್ತದೆ. 24 ಗಂಟೆ ನೀರು ಸೋಕಿಸಬೇಡಿ.

ಸೋರುವ ಜಾಗ ಹುಡುಕುವುದು

ಹೊರಗಿನ ಅಂಚಿಗೆಲ್ಲ ಒಣ ಟಿಶ್ಯೂ ಕಾಗದ ಹಾಸಿ. ಒಳಗೆ ನಿಂತು ಕೈ ಶವರ್‌ನಿಂದ ಒಂದು ಸಲಕ್ಕೆ ಒಂದೇ ಜಾಗಕ್ಕೆ, ಎರಡು ನಿಮಿಷ ನೀರು ಬಿಡಿ. ಕೆಳಗಿನಿಂದ ಶುರುಮಾಡಿ: ಮೊದಲು ಕಟ್ಟೆ ಮತ್ತು ಗಾಜಿನ ಕೂಡು, ಆಮೇಲೆ ಬಾಗಿಲ ಕೆಳಗಿನ ಸೀಲ್, ನಂತರ ಮ್ಯಾಗ್ನೆಟ್ ಅಂಚು, ಕೊನೆಗೆ ಹಿಂಜ್. ಮೇಲಿನಿಂದ ಶುರುಮಾಡಿದರೆ ಇಳಿದ ನೀರು ಎಲ್ಲವನ್ನೂ ನೆನೆಸಿ ಗೊಂದಲ ಮಾಡುತ್ತದೆ. ಕಾಗದ ಕಪ್ಪಾಗುವ ಜಾಗ ಕಂಡ ಕೂಡಲೇ ನಿಲ್ಲಿಸಿ ಗುರುತು ಹಾಕಿ.

ಹಿಂಜ್ ಬಳಿಯ ಕಿಟಕಿಯಲ್ಲಿ ಬಂದರೆ ಹೆಡ್ಡಿನ ಮುಖ ತಿರುಗಿಸಿ. ಮ್ಯಾಗ್ನೆಟ್ ಅಂಚಿನ ಮೇಲ್ಭಾಗದಲ್ಲಿ ಬಂದರೆ ಬಾಗಿಲು ಜೋತಿದೆ, ಹಿಂಜ್ ಬಿಗಿ ಮಾಡಿಸಿ. ಕೆಳಗಿನ ಸೀಲ್ ಹಳದಿಯಾಗಿ ಗಡುಸಾಗಿದ್ದರೆ ಬದಲಿಸುವ ಕಾಲ ಬಂದಿದೆ. ಗಡಸು ನೀರಿನ ಸುಣ್ಣ ಕಟ್ಟಿ ಬಿಗಿದದ್ದಾದರೆ ಬಿಚ್ಚಿ, ನೀರು ಬೆರೆಸಿದ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ ತೊಳೆದು ನೋಡಿ. ಅಮೃತಶಿಲೆಯ ಮೇಲೆ ಆ ವಿನೆಗರ್ ಬೀಳಬಾರದು. ಸಿಲಿಕಾನ್ ಗೆರೆಯಲ್ಲಿ ಬಂದರೆ ಹಳೆಯದನ್ನು ಪೂರ್ತಿ ಕೆರೆದು, ಒಣಗಿಸಿ, ಹೊಸದನ್ನು ಬಳಿಯಿರಿ. ಹಳೆಯ ಸಿಲಿಕಾನ್ ಮೇಲೆ ಹೊಸದು ಹಿಡಿಯುವುದಿಲ್ಲ.

ಕಾಗದ ಎಲ್ಲೂ ಒದ್ದೆಯಾಗದೆ, ಪಕ್ಕದ ಕೋಣೆಯ ಗೋಡೆ ಬುಡದಲ್ಲೋ ಕೆಳಗಿನ ಮನೆಯ ಚಾವಣಿಯಲ್ಲೋ ತೇವ ಕಾಣಿಸುತ್ತಿದ್ದರೆ ಗಾಜಿನ ಕೆಲಸದವರನ್ನು ಕರೆಯುವುದು ವ್ಯರ್ಥ. ಡ್ರೈನ್ ಮುಚ್ಚಿ, ಕಟ್ಟೆಗಿಂತ ಕೆಳಗೆ ನಿಲ್ಲುವಷ್ಟು ನೀರು ತುಂಬಿಸಿ, ಅಂಚಿಗೆ ಪೆನ್ಸಿಲ್ ಗೆರೆ ಹಾಕಿ, 24 ಗಂಟೆ ಬಿಡಿ. ನೀರಿನ ಮಟ್ಟ ಗೆರೆಗಿಂತ ಸ್ಪಷ್ಟವಾಗಿ ಇಳಿದಿದ್ದರೆ ನೆಲದಡಿಯ ವಾಟರ್‌ಪ್ರೂಫಿಂಗ್ ಬಿಟ್ಟಿರುವ ಸಾಧ್ಯತೆ ಹೆಚ್ಚು. ಮಟ್ಟ ಹಾಗೆಯೇ ಇದ್ದರೆ ಗೋಡೆಯೊಳಗಿನ ಪೈಪನ್ನು, ಡ್ರೈನ್ ಕೆಳಗಿನ ಪೈಪಿನ ಕೂಡನ್ನು ಪರೀಕ್ಷಿಸಿ.